ತಕ್ಕಡಿಯ ಮುಳ್ಳು ನಿಲ್ಲುವ ತನಕ

ಓಬಳಪ್ಪನವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕಾಗದದ ಪೊಟ್ಟಣ ಇರುತ್ತಿತ್ತು. ಅದರೊಳಗೆ ಇಪ್ಪತ್ತು ರಾಗಿಕಾಳು. ಹತ್ತೊಂಬತ್ತೂ ಅಲ್ಲ, ಇಪ್ಪತ್ತೊಂದೂ ಅಲ್ಲ.

ನಾನು ಬಿ.ಎಸ್ಸಿ. ಮುಗಿಸಿ ತೂಕ ಮತ್ತು ಅಳತೆ ಇಲಾಖೆಗೆ ಇನ್‌ಸ್ಪೆಕ್ಟರ್ ಆಗಿ ಸೇರಿ, 1974ರಲ್ಲಿ ಚನ್ನಗಿರಿಗೆ ಬಂದೆ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳ ಅಂಗಡಿಗಳಲ್ಲಿರುವ ಪ್ರತಿಯೊಂದು ತಕ್ಕಡಿಯನ್ನೂ ತೂಕದ ಬಟ್ಟನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಹಾಕುವುದು ನನ್ನ ಕೆಲಸ. ಸರಿಯಿಲ್ಲದ್ದನ್ನು ನಾನು ಮುಟ್ಟುವ ಹಾಗಿಲ್ಲ. ಅದನ್ನು ಸರಿಪಡಿಸಲು ಇಲಾಖೆಯ ಪರವಾನಗಿ ಪಡೆದ ರಿಪೇರಿಯವರು ಬೇರೆ ಇರುತ್ತಾರೆ. ದಿನಸಿ ಅಂಗಡಿಯ ತಕ್ಕಡಿಗಳಿಗೆ ಇಬ್ಬರು ಮೂವರು ಇದ್ದರು. ಆದರೆ ಚಿನ್ನ ತೂಗುವ ಸಣ್ಣ ತಕ್ಕಡಿಗಳಿಗೆ ಎರಡೂ ತಾಲ್ಲೂಕಿಗೆ ಒಬ್ಬರೇ, ಚನ್ನಗಿರಿಯ ಓಬಳಪ್ಪನವರು.

ಅವರನ್ನು ನಾನು ಮೊದಲು ಕಂಡದ್ದು ನ್ಯಾಮತಿಯಲ್ಲಿ ನಡೆದ ಮುದ್ರೆ ಹಾಕುವ ಕ್ಯಾಂಪಿನಲ್ಲಿ. ಆಗ ಅವರಿಗೆ ನಲವತ್ತಾರು ವರ್ಷ. ತೆಳ್ಳಗಿನ ಉದ್ದ ಆಳು. ಎಡಗಣ್ಣನ್ನು ಅರ್ಧ ಮುಚ್ಚಿಕೊಂಡೇ ನೋಡುವ ಅಭ್ಯಾಸ. ಒಬ್ಬ ಅಕ್ಕಸಾಲಿಗನ ತಕ್ಕಡಿಯನ್ನು ಪರೀಕ್ಷಿಸಿ, ಸರಿಯಿದೆ ಎಂದು ಮುದ್ರೆಯ ಸುತ್ತಿಗೆ ಎತ್ತಿದ್ದೆ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಅವರು ಮೆಲ್ಲಗೆ ಹೇಳಿದರು.

"ಸ್ವಲ್ಪ ತಡೀರಿ ಸಾಹೇಬ್ರೇ. ಬಲಗಡೆ ಎರಡು ಕಾಳು ಜಾಸ್ತಿ ಐತೆ."

"ನಮ್ಮ ಇಲಾಖೆಯಲ್ಲಿ ಕಾಳಿನ ಲೆಕ್ಕ ಇಲ್ಲ. ಮಿಲಿಗ್ರಾಂ ಹೇಳಿ," ಎಂದೆ.

"ಮಿಲಿಗ್ರಾಂ ನೀವು ಹೇಳ್ರಿ. ಕಾಳು ನಾನು ಹೇಳ್ತೀನಿ."

ಅವರು ಪೊಟ್ಟಣ ಬಿಚ್ಚಿ, ಎಡ ತಟ್ಟೆಗೆ ಎರಡು ರಾಗಿಕಾಳು ಬಿಟ್ಟರು. ತಕ್ಕಡಿಯ ಮುಳ್ಳು ಆಚೆ ಈಚೆ ತೂಗಾಡತೊಡಗಿತು. ಓಬಳಪ್ಪನವರು ಉಸಿರು ಹಿಡಿದರು. ಅವರನ್ನು ನೋಡಿ ಅಕ್ಕಸಾಲಿಗನೂ ಹಿಡಿದ. ಅವನ ಹಿಂದೆ ಸರದಿಯಲ್ಲಿ ನಿಂತವರ ಮಾತೂ ನಿಂತಿತು. ನಾನೂ ಉಸಿರಾಡಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ತೂಗಾಟ ಸಣ್ಣದಾಗುತ್ತಾ ಹೋಗಿ ಮುಳ್ಳು ಸರಿಯಾಗಿ ನಡುಗೆರೆಯ ಮೇಲೆ ನಿಂತಿತು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ತೊಟ್ಟಿಲಲ್ಲಿ ಅಳುತ್ತಿದ್ದ ಕೂಸು ನಿದ್ದೆ ಹೋದಾಗ ತಾಯಿಯ ಮುಖ ಇರುತ್ತದಲ್ಲ, ಹಾಗೆ.

ಚನ್ನಗಿರಿಗೆ ಹಿಂದಿರುಗಿದ ಮೇಲೆ ಅವರಿಂದ ಸಾವಿರ ರಾಗಿಕಾಳು ಕೇಳಿ ತೆಗೆದುಕೊಂಡೆ. ಕಚೇರಿಯ ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ನೂರು ನೂರರಂತೆ ಹತ್ತು ಸಲ ತೂಗಿದೆ. ಮೊದಲ ನೂರು ಇನ್ನೂರ ಎಪ್ಪತ್ತೊಂದು ಮಿಲಿಗ್ರಾಂ. ಉಳಿದ ಒಂಬತ್ತು ಸಲವೂ ಇನ್ನೂರ ಎಪ್ಪತ್ತರಿಂದ ಇನ್ನೂರ ಎಪ್ಪತ್ತಮೂರರ ಒಳಗೇ ಬಂದವು. ಒಂದು ಕಾಳಿಗೆ ಎರಡೂ ಮುಕ್ಕಾಲು ಮಿಲಿಗ್ರಾಂ ಸುಮಾರು. ಹೊಲದಲ್ಲಿ ಬೆಳೆದ ಕಾಳು ಇಷ್ಟು ಒಂದೇ ಸಮ ಇರುವುದಿಲ್ಲ. ಹೇಗೆ ಎಂದು ಕೇಳಿದೆ.

"ಎರಡು ಜರಡಿ ಅದಾವೆ ಸಾಹೇಬ್ರೇ. ದೊಡ್ಡ ಕಣ್ಣಿನ ಜರಡೀಲಿ ಬಿದ್ದು, ಸಣ್ಣ ಕಣ್ಣಿನ ಜರಡೀಲಿ ನಿಂತಿದ್ದು ಮಾತ್ರ ನಮಗೆ. ಉಳಿದಿದ್ದು ಮುದ್ದೆಗೆ."

ಆ ರಾಗಿಯೂ ಎಲ್ಲೆಲ್ಲಿಯದೋ ಅಲ್ಲ. ಅವರ ಊರು ಜಗಳೂರಿನ ಹತ್ತಿರ. ಅಲ್ಲಿ ಅಕ್ಕನ ಮಳೆಯಾಶ್ರಯದ ಹೊಲ ಇತ್ತು. ವರ್ಷಕ್ಕೊಮ್ಮೆ ಹೋಗಿ, ಅದೇ ಹೊಲದ ಅದೇ ಬದುವಿನ ಪಕ್ಕದ ರಾಗಿಯನ್ನು ಎರಡು ಸೇರು ತರುತ್ತಿದ್ದರು. ನೀರುಣಿಸಿದ ಗದ್ದೆಯ ಕಡೆಯ ಕಾಳು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ.

ಈ ವಿದ್ಯೆ ಅವರಿಗೆ ಮನೆತನದಿಂದ ಬಂದದ್ದಲ್ಲ. ಹರೆಯದಲ್ಲಿ ಭದ್ರಾ ನಾಲೆ ಅಗೆಯುವ ಕೂಲಿಗೆಂದು ಜಗಳೂರು ಕಡೆಯಿಂದ ಬಂದವರು, ಹೊನ್ನಾಳಿಯಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ ಅಮೀರ್‌ಜಾನ್ ಸಾಹೇಬರ ಪೆಟ್ಟಿಗೆ ಹೊರಲು ಸೇರಿಕೊಂಡರು. ಪೆಟ್ಟಿಗೆ ಹೊರುತ್ತಲೇ ಅರ ಹಿಡಿಯುವುದು ಕಲಿತರು. ಅಮೀರ್‌ಜಾನ್ ಸಾಹೇಬರದು ಒಂದು ಕಟ್ಟುನಿಟ್ಟು. ಚಿನ್ನದ ತಕ್ಕಡಿಯ ಕೆಲಸವನ್ನು ಬೆಳಿಗ್ಗೆ, ಏನೂ ತಿನ್ನುವ ಮೊದಲೇ ಮಾಡಬೇಕು. "ಉಂಡ ಕೈ ಭಾರ ಆಗ್ತದೆ ಬೇಟಾ" ಎನ್ನುತ್ತಿದ್ದರಂತೆ. ಅವರು ತೀರಿಕೊಂಡು ಹದಿನೈದು ವರ್ಷವಾಗಿದ್ದರೂ ಓಬಳಪ್ಪನವರು ಆ ಮಾತು ಮೀರಿರಲಿಲ್ಲ. ಸಣ್ಣ ತಕ್ಕಡಿಗಳನ್ನು ಕ್ಯಾಂಪಿನಲ್ಲಿ ರಿಪೇರಿ ಮಾಡದೆ ಮನೆಗೆ ಒಯ್ದು, ಗಾಳಿಯಾಡದ ಒಳಕೋಣೆಯಲ್ಲಿ, ಬರಿ ಹೊಟ್ಟೆಯಲ್ಲಿ ಕೂತು ಸರಿಮಾಡುತ್ತಿದ್ದರು.

ಐದು ವರ್ಷ ಹೀಗೇ ಕಳೆಯಿತು. ಆ ಐದು ವರ್ಷದಲ್ಲಿ ಅವರು ಸರಿಪಡಿಸಿದ ಒಂದು ತಕ್ಕಡಿಯೂ ನನ್ನ ಮೇಜಿನಿಂದ ತಿರುಗಿ ಹೋಗಲಿಲ್ಲ.

1979ರ ಫೆಬ್ರವರಿಯಲ್ಲಿ ಮತ್ತೆ ನ್ಯಾಮತಿಯಲ್ಲಿ ಕ್ಯಾಂಪು. ಮಧ್ಯಾಹ್ನ ಓಬಳಪ್ಪನವರು ಕೈ ತೊಳೆಯಲು ಹೋಗಿದ್ದಾಗ, ಒಂದು ತಕ್ಕಡಿ ನೋಡಲು ಅವರ ಪೊಟ್ಟಣವನ್ನು ನಾನೇ ಬಿಚ್ಚಿದೆ. ಕಾಳು ಕಟ್ಟಿದ್ದ ಕಾಗದ ಒಂದು ಲಾಟರಿ ಚೀಟಿ. ಡ್ರಾ ಆಗಿ ಒಂಬತ್ತು ದಿನ ಕಳೆದಿತ್ತು. ಸುಮ್ಮನೆ ಒಂದು ಕುತೂಹಲ. ಎದುರಿನ ಹೋಟೆಲಿನಲ್ಲಿ ಹಳೆಯ ಪೇಪರಿನ ಕಟ್ಟು ಇತ್ತು. ಹುಡುಗನ ಕೈಲಿ ತರಿಸಿದೆ. ನಂಬರನ್ನು ಒಂದೊಂದೇ ಅಂಕಿಯಾಗಿ, ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ, ಮತ್ತೆ ಎಡದಿಂದ ಬಲಕ್ಕೆ ಒಮ್ಮೆ ಹೋಲಿಸಿದೆ. ಎರಡನೆಯ ಬಹುಮಾನ. ಐವತ್ತು ಸಾವಿರ ರೂಪಾಯಿ.

ಇನ್ನೊಮ್ಮೆ ನೋಡಲು ಚೀಟಿಯನ್ನು ಎತ್ತಿದೆ. ಮೇಜಿನ ಮೇಲೆ ರಾಗಿಕಾಳು ಚೆಲ್ಲಿದವು.

ಓಬಳಪ್ಪನವರು ಪಂಚೆಯ ತುದಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಹೇಳಿದೆ. ಅವರು ನನ್ನನ್ನು ನೋಡಿದರು, ಚೀಟಿಯನ್ನು ನೋಡಿದರು, ಆಮೇಲೆ ಮೇಜನ್ನು ನೋಡಿದರು.

"ಕಾಳು ಚೆಲ್ಲೀರಲ್ಲ ಸಾಹೇಬ್ರೇ."

ಒಂದೊಂದಾಗಿ ಆರಿಸಿದರು. ಹತ್ತೊಂಬತ್ತು ಸಿಕ್ಕವು. ಇಪ್ಪತ್ತನೆಯದನ್ನು ಐದು ನಿಮಿಷ ಹುಡುಕಿದರು. ಅದು ನನ್ನ ರಿಜಿಸ್ಟರಿನ ಮಡಿಕೆಯಲ್ಲಿ ಇತ್ತು. ಬೇರೆ ಕಾಗದದಲ್ಲಿ ಎಲ್ಲವನ್ನೂ ಕಟ್ಟಿ ಜೇಬಿಗೆ ಹಾಕಿಕೊಂಡ ಮೇಲೆಯೇ ಅವರು ಕುರ್ಚಿಯಲ್ಲಿ ಕೂತದ್ದು. ಕೂತವರು ಬಹಳ ಹೊತ್ತು ಏಳಲಿಲ್ಲ.

"ನಾನು ಕೊಂಡಿದ್ದಲ್ಲ ಇದು," ಎಂದರು ಕೊನೆಗೆ. "ಹೊನ್ನಾಳಿ ಬಸ್‌ಸ್ಟ್ಯಾಂಡ್ ಹೋಟೆಲಿನೋನು ಒಂದು ರೂಪಾಯಿ ಚಿಲ್ಲರೆ ಇಲ್ಲ ಅಂತ ಕೈಗೆ ತುರುಕಿದ. ಜಗಳ ಆಡಿದೆ. ಕಾಗದ ನುಣುಪು ಐತಲ್ಲ, ಕಾಳು ಅಂಟಲ್ಲ ಅಂತ ಇಟ್ಕಂಡೆ."

ತೆರಿಗೆ ಹಿಡಿದು ಅವರ ಕೈಗೆ ಬಂದದ್ದು ಮೂವತ್ತಮೂರು ಸಾವಿರ ಚಿಲ್ಲರೆ. ಬ್ಯಾಂಕಿನವರು ಮೂವತ್ತಮೂರು ಸಾವಿರವನ್ನು ಠೇವಣಿ ಇಡಿಸಿಕೊಂಡರು. ತಿಂಗಳಿಗೆ ಬಡ್ಡಿ ಇನ್ನೂರ ಎಪ್ಪತ್ತೈದು ರೂಪಾಯಿ. ರಿಪೇರಿಯವರ ಪುಸ್ತಕ ತಪಾಸಣೆ ಮಾಡುವುದು ನನ್ನ ಕೆಲಸವೇ ಆದ್ದರಿಂದ ಅವರ ಸಂಪಾದನೆ ನನಗೆ ಗೊತ್ತಿತ್ತು. ಐದು ವರ್ಷದ ಸರಾಸರಿ ತೆಗೆದೆ. ತಿಂಗಳಿಗೆ ಇನ್ನೂರ ಅರವತ್ತೆಂಟು. ದುಡಿದರೂ ಅಷ್ಟೇ, ಕೂತರೂ ಅಷ್ಟೇ. ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡು ನಾನು ಬಹಳ ಹೊತ್ತು ನೋಡಿದೆ. ಒಬ್ಬ ಮನುಷ್ಯನ ಇಪ್ಪತ್ತೆರಡು ವರ್ಷದ ಕಸುಬನ್ನು ಒಂದು ತಟ್ಟೆಯಲ್ಲೂ, ಒಂದು ನುಣುಪು ಕಾಗದವನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ಯಾರೋ ಸಮ ತೂಗಿಸಿದ ಹಾಗಿತ್ತು.

ಊರು ತೀರ್ಮಾನ ಕೊಡಲು ತಡಮಾಡಲಿಲ್ಲ. ಚನ್ನಗಿರಿಯ ಚಿನ್ನಬೆಳ್ಳಿ ಅಂಗಡಿಯ ನಾಗರಾಜಪ್ಪ, "ಏನೋ ಸಾಹುಕಾರ, ಇನ್ನೂ ಅರ ಉಜ್ಜಾಕೆ ನಾಚಿಕೆ ಆಗಲ್ವಾ?" ಎಂದು ದಾರಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದ. ಅವನದು ತಮಾಷೆ. ಆದರೆ ಓಬಳಪ್ಪನವರ ಹೆಂಡತಿ ಕರಿಬಸಮ್ಮನದು ತಮಾಷೆಯಲ್ಲ. ಒಂದು ದಿನ ಅವರ ಮನೆಗೆ ಹೋದಾಗ ಆಕೆ ಚಹಾ ತಂದಿಟ್ಟು, ಎರಡೂ ಕೈ ನನ್ನ ಮುಂದೆ ಚಾಚಿದಳು. ಆಕೆ ಪ್ರತಿವರ್ಷ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದವಳು. ಆ ಸಲ ಸುಗ್ಗಿ ಮುಗಿಯುವ ಮೊದಲೇ ಬಿಟ್ಟಿದ್ದಳು.

"ನನ್ನ ಉಗುರು ನೋಡ್ರಿ ಸಾಹೇಬ್ರೇ. ಇಪ್ಪತ್ತು ವರ್ಷ ಕರ್ರಗಿದ್ವು. ಎರಡು ತಿಂಗಳಿಗೆ ಬೆಳ್ಳಗಾದ್ವು. ಇವ್ರು ಬಟ್ಟಿಗೆ ಸೀಸ ಕಾಯಿಸಿ ಹೊಯ್ದು ಹೊಯ್ದು ಆ ಹೊಗೆ ಎಲ್ಲಾ ಎದೇಲಿ ಕೂತೈತೆ. ರಾತ್ರಿ ಕೆಮ್ಮು ನಾನು ಕೇಳ್ತೀನಿ, ನೀವು ಕೇಳಲ್ಲ. ಅದು ಬೆಳ್ಳಗಾಗಾಕೆ ಎಷ್ಟು ತಿಂಗಳು ಬೇಕು, ಹೇಳ್ರಿ. ನೀವು ಓದಿದೋರು."

ಸವೆದು ಹಗುರವಾದ ದೊಡ್ಡ ಬಟ್ಟುಗಳ ಅಡಿಯ ಗುಳಿಗೆ ಕರಗಿದ ಸೀಸ ಹೊಯ್ದು ತೂಕ ತುಂಬುವುದು ಆ ಕಸುಬಿನ ಅರ್ಧ ಭಾಗ. ಅದರ ಹೊಗೆ ಒಳ್ಳೆಯದಲ್ಲವೆಂದು ನನಗೆ ಗೊತ್ತಿತ್ತು.

"ಮಳೆಗಾಲ ಬರ್ಲಿ, ನೋಡಾನ," ಎಂದು ಓಬಳಪ್ಪನವರು ಗೋಡೆಯ ಕಡೆ ತಿರುಗಿದರು.

ಬಂದ ಹಣದಲ್ಲಿ ಆ ಮನೆಗೆ ಬಂದ ಹೊಸ ವಸ್ತು ಒಂದೇ. ಕರಿಬಸಮ್ಮ ಮಾರ್ಚ್‌ನಲ್ಲಿ ದಾವಣಗೆರೆಯಿಂದ ತರಿಸಿದ ದೊಡ್ಡ ಮರದ ರೇಡಿಯೋ. ಭದ್ರಾವತಿ ಆಕಾಶವಾಣಿ ಚೆನ್ನಾಗಿ ಕೇಳುತ್ತಿತ್ತು. ಬೀದಿಯ ಧೂಳು ಬೀಳಬಾರದೆಂದೂ, ಕೆಲಸ ಮಾಡುವಾಗ ಗಂಡನಿಗೂ ಹಾಡು ಕೇಳಲಿ ಎಂದೂ ಆಕೆ ಅದನ್ನು ಒಳಕೋಣೆಯಲ್ಲೇ ಒಂದು ಸ್ಟೂಲಿನ ಮೇಲೆ ಇಟ್ಟಿದ್ದಳು. ಬೆಳಿಗ್ಗೆ ಅವರು ತಕ್ಕಡಿ ತೂಗುಹಾಕಿ ಕೂತರೆ, ಆಕೆ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಾ ಹಾಡು ಕೇಳುತ್ತಿದ್ದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇಬ್ಬರೂ ಬೆಳಗಿನ ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು.

ಏಪ್ರಿಲ್‌ನಲ್ಲಿ ಹೊನ್ನಾಳಿ ಕ್ಯಾಂಪು. ಓಬಳಪ್ಪನವರು ಸರಿಪಡಿಸಿ ತಂದ ಮೊದಲ ತಕ್ಕಡಿಯನ್ನು ಮೇಜಿನ ಮೇಲೆ ತೂಗುಹಾಕಿದೆ. ಮುಳ್ಳು ನಡುಗೆರೆಗೆ ಬರಲಿಲ್ಲ. ಮತ್ತೆ ನೋಡಿದೆ. ಎಡ ತಟ್ಟೆ ಭಾರ. ಎರಡನೆಯದೂ ಹಾಗೆಯೇ. ಐದು ವರ್ಷದಲ್ಲಿ ಮೊದಲ ಸಲ ಅವರ ಕೆಲಸವನ್ನು ತಿರುಗಿ ಕೊಟ್ಟೆ. ಅವರು ಕೈ ಬೆರಳುಗಳನ್ನು ಒಮ್ಮೆ ನೋಡಿಕೊಂಡರು.

ಮನೆಗೆ ಒಯ್ದು ಮತ್ತೆ ನೋಡಿದರೆ ಎರಡೂ ಸರಿಯಾಗಿಯೇ ಇದ್ದವಂತೆ. ತಂದರೆ ನನ್ನ ಮೇಜಿನ ಮೇಲೆ ಮತ್ತೆ ತಪ್ಪು. ಮೇ ತಿಂಗಳಲ್ಲಿ ನಾಗರಾಜಪ್ಪನ ತಕ್ಕಡಿಯೂ ಹಾಗೇ ಆಯಿತು. ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿದ. "ಲಾಟರಿ ಹೊಡೆದ ಮೇಲೆ ಓಬಳಪ್ಪನ ಕೈ ಜಾರೈತೆ. ಮನಸ್ಸು ಬ್ಯಾಂಕಲ್ಲಿ, ಕೈ ತಕ್ಕಡೀಲಿ. ಹೆಂಗೆ ಸಮ ಆಗ್ತದೆ?" ಈ ಮಾತು ಸಂತೇಬೆನ್ನೂರಿನ ಸಂತೆಯವರೆಗೂ ಹೋಯಿತು. ನಾನೂ ಒಳಗೊಳಗೆ ಹಾಗೆಯೇ ಅಂದುಕೊಂಡೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಜೂನ್ ಮೊದಲ ವಾರ ಓಬಳಪ್ಪನವರು ಕಚೇರಿಗೆ ಬಂದು, ಚೌಕಟ್ಟು ಹಾಕಿಸಿದ್ದ ತಮ್ಮ ಪರವಾನಗಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಗಾಜನ್ನು ಒರೆಸಿ ತಂದಿದ್ದರು.

"ವಾಪಸ್ ಬರ್ಕಳ್ರಿ ಸಾಹೇಬ್ರೇ."

"ಮನೆಯವರು ಹೇಳಿದರಾ?"

"ಅವಳು ಹೇಳಿದ್ದಕ್ಕೆ ಬಿಡೋನಲ್ಲ ನಾನು. ಉಸ್ತಾದ್ರು ಹೇಳಿದ್ದೇ ಆತು. ಉಂಡ ಕೈ ಭಾರ. ಹೊಟ್ಟೆಗೆ ತಿನ್ನದೇ ಕೂತರೆ ಏನಾತು, ಬ್ಯಾಂಕಲ್ಲಿ ಉಂಡಂಗೇ ಅಲ್ವಾ? ಕೈಗೆ ಗೊತ್ತಾಗೈತೆ." ಸ್ವಲ್ಪ ತಡೆದು ಹೇಳಿದರು. "ಬಿಡೋದು ಬೇರೆ, ಕೈ ಹೋಗೋದು ಬೇರೆ. ಬಿಟ್ಟಿದ್ರೆ ಇಷ್ಟು ಬೇಜಾರು ಆಗ್ತಿರಲಿಲ್ಲ."

ಹಣ ಬಂದ ಮೇಲೆ ದುಡಿಯಬೇಕೋ ಬೇಡವೋ ಎಂಬುದನ್ನು ಊರೆಲ್ಲ ಅವರ ಪರವಾಗಿ ಚರ್ಚಿಸುತ್ತಿತ್ತು. ಅವರು ಕಳೆದುಕೊಂಡಿದ್ದು ಆ ಪ್ರಶ್ನೆಯನ್ನೇ. ಕೈಯೇ ಇಲ್ಲದ ಮೇಲೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಪರವಾನಗಿಯನ್ನು ಮೇಜಿನ ಖಾನೆಯಲ್ಲಿ ಇಟ್ಟು, ಒಂದು ವಾರ ಸಮಯ ಕೇಳಿದೆ.

ಅವರು ಹೋದ ಮೇಲೆ ರಿಜಿಸ್ಟರು ತೆಗೆದು, ಲಾಟರಿ ಬಂದ ಮೇಲೆ, ಮಾರ್ಚ್‌ನಿಂದ ಅವರು ಮಾಡಿದ ಸಣ್ಣ ತಕ್ಕಡಿಗಳನ್ನು ಬರೆದೆ. ಒಟ್ಟು ಹನ್ನೊಂದು. ಸರಿಯಿದ್ದದ್ದು ನಾಲ್ಕು, ತಪ್ಪಿದ್ದು ಏಳು. ಎದುರಿಗೆ ಎಷ್ಟು ತಪ್ಪು, ಯಾವ ಕಡೆ ಎಂದು ಬರೆಯುತ್ತಾ ಹೋದೆ. ಎಡ. ಎಡ. ಎಡ. ಏಳಕ್ಕೆ ಏಳೂ ಎಡವೇ ಭಾರ.

ಪೆನ್ನು ಕೆಳಗಿಟ್ಟೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೊದಲ ವರ್ಷ ಕಲಿಸುವ ಪಾಠ ಇದು. ಕೈ ನಡುಗುವವನ ತಪ್ಪು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬೀಳುತ್ತದೆ. ತಪ್ಪು ಯಾವಾಗಲೂ ಒಂದೇ ಕಡೆ ಬೀಳುತ್ತಿದ್ದರೆ ಅದು ಕೈಯದಲ್ಲ. ಕೈಯ ಹೊರಗೆ ಎಲ್ಲೋ ಏನೋ ಇದೆ. ಓಬಳಪ್ಪನವರು ಯಾವ ತಕ್ಕಡಿಯನ್ನಾದರೂ ಮುದ್ರೆಯಿರುವ ತುದಿ ಎಡಕ್ಕೆ ಬರುವಂತೆಯೇ ತೂಗುಹಾಕುವವರು, ನಾನೂ ಹಾಗೆಯೇ. ಆದ್ದರಿಂದ ಎಡ ಎಂದರೆ ಪ್ರತಿಸಲವೂ ಅದೇ ಎಡ. ಮತ್ತೆ ಪಟ್ಟಿ ನೋಡಿದೆ. ಸರಿಯಿದ್ದ ನಾಲ್ಕರ ದಂಡಿ, ಎಂದರೆ ಎರಡೂ ತಟ್ಟೆ ತೂಗುವ ಅಡ್ಡಕಡ್ಡಿ, ಹಿತ್ತಾಳೆಯದು. ತಪ್ಪಿದ ಏಳರದ್ದೂ ಉಕ್ಕಿನದು.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರು ಇನ್ನೂ ಏನೂ ತಿಂದಿರಲಿಲ್ಲ. ಕೆಲಸ ಬಿಡುತ್ತೇನೆಂದವರು ನಾಗರಾಜಪ್ಪನ ತಕ್ಕಡಿಯನ್ನು ಕೊನೆಯ ಸಲ ಸರಿಮಾಡಿ ಕೊಡೋಣವೆಂದು ಕೊಕ್ಕೆಗೆ ತೂಗುಹಾಕಿಕೊಂಡು ಕೂತಿದ್ದರು. ಮುಳ್ಳು ಸರಿಯಾಗಿ ನಡುಗೆರೆಯ ಮೇಲಿತ್ತು.

"ನೋಡ್ರಿ. ಇಲ್ಲಿ ಸರಿ ಐತೆ. ನಿಮ್ಮ ಮೇಜಿಗೆ ಬಂದ್ರೆ ತಪ್ಪು. ಕಣ್ಣೂ ಹೋತೇನೋ."

ಊದುಬತ್ತಿ ಹಚ್ಚಿ ತಕ್ಕಡಿಯ ಕೆಳಗೆ ಹಿಡಿದೆ. ಹೊಗೆ ನೇರ ಮೇಲಕ್ಕೆ ಹೋಯಿತು. ಗಾಳಿ ಇಲ್ಲ. ಬಟ್ಟಲಲ್ಲಿ ನೀರು ಇಟ್ಟು ನೋಡಿದೆ. ಅಲುಗಾಟ ಇಲ್ಲ. ಬೇರೇನೂ ಹೊಳೆಯದೆ ಗೋಡೆ, ಗೂಡು, ಅರಗಳ ಪೆಟ್ಟಿಗೆ ಎಲ್ಲ ನೋಡುತ್ತಾ ನಿಂತೆ. ಬಲಗಡೆ, ತಕ್ಕಡಿಗಿಂತ ಒಂದಡಿ ಕೆಳಗೆ, ಸ್ಟೂಲಿನ ಮೇಲೆ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಕರಿಬಸಮ್ಮ ಅದರ ಮುಂಭಾಗದ ಬಟ್ಟೆಯನ್ನು ಸೆರಗಿನಿಂದ ಒರೆಸುತ್ತಾ ಗೊಣಗಿದಳು.

"ದಿನಾ ಒರೆಸ್ತೀನಿ. ಈ ಕರಿ ಧೂಳು ಹೋಗಾದೇ ಇಲ್ಲ. ಹಾಳಾದ್ದು ಇಲ್ಲೇ ಬಂದು ಕೂರ್ತದೆ."

ಹತ್ತಿರ ಹೋಗಿ ನೋಡಿದೆ. ಧೂಳಲ್ಲ, ಅರ ಉಜ್ಜಿದ ಕಬ್ಬಿಣದ ಪುಡಿ. ಬಟ್ಟೆಯ ಮೇಲೆ ದುಂಡಗೆ, ಸಣ್ಣ ಗಡ್ಡದ ಹಾಗೆ ಎದ್ದು ನಿಂತಿತ್ತು. ರೇಡಿಯೋದ ಸ್ಪೀಕರಿನೊಳಗೆ ಗಟ್ಟಿಯಾದ ಅಯಸ್ಕಾಂತ ಇರುತ್ತದೆ. ಹಾಡು ನಿಲ್ಲಿಸಿದರೂ ಅದರ ಎಳೆತ ನಿಲ್ಲುವುದಿಲ್ಲ.

"ಅಮ್ಮಾ, ಇದನ್ನು ಸ್ವಲ್ಪ ಹೊರಗೆ ಒಯ್ಯುತ್ತೀರಾ?" ಎಂದೆ.

"ಸಾಹೇಬ್ರಿಗೆ ಹಾಡು ಹಿಡಿಸ್ಲಿಲ್ಲೇನೋ," ಎಂದು ಆಕೆ ವೈರು ಕಿತ್ತು, ರೇಡಿಯೋವನ್ನು ಕೂಸಿನ ಹಾಗೆ ಸೊಂಟಕ್ಕೆ ಎತ್ತಿಕೊಂಡಳು.

"ಓಬಳಪ್ಪನವರೇ, ನೀವು ಮುಳ್ಳು ನೋಡಿ."

ಆಕೆ ಒಂದು ಹೆಜ್ಜೆ ಇಟ್ಟಳು. ಮುಳ್ಳು ಅಲುಗಿತು. ಎರಡನೆಯ ಹೆಜ್ಜೆಗೆ ನಡುಗೆರೆಯನ್ನು ಬಿಟ್ಟಿತು. ಯಾರೂ ತಕ್ಕಡಿಯನ್ನು ಮುಟ್ಟಿರಲಿಲ್ಲ. ಬಾಗಿಲು ದಾಟುವಷ್ಟರಲ್ಲಿ ಎಡ ತಟ್ಟೆ ನಿಧಾನವಾಗಿ ಕೆಳಗಿಳಿದು, ತೂಗಿ, ಅಲ್ಲೇ ನಿಂತಿತು. ಕಾರಣ ಗೊತ್ತಿದ್ದ ನನಗೇ ಮೈ ಜುಮ್ಮೆಂದಿತು. ಪುಸ್ತಕದಲ್ಲಿ ಓದುವುದು ಬೇರೆ, ಒಬ್ಬ ಹೆಂಗಸು ನಡೆದುಹೋದ ದಾರಿಗೆ ಉಕ್ಕಿನ ದಂಡಿ ತಲೆಬಾಗುವುದನ್ನು ಕಣ್ಣಾರೆ ನೋಡುವುದು ಬೇರೆ.

ಓಬಳಪ್ಪನವರು ಉಸಿರಾಡದೆ ನೋಡುತ್ತಿದ್ದರು.

"ಕರಿಬಸಿ, ವಾಪಸ್ ಬಾ."

ಆಕೆ ಬಂದಳು. ಮುಳ್ಳು ನಡುವಿಗೆ ಬಂತು.

"ಹೋಗು."

ಹೋದಳು. ಮುಳ್ಳು ಸರಿಯಿತು.

"ಬಾ."

"ಇದೇನು ನನ್ನ ಆಟ ಆಡಿಸ್ತೀರಾ ಗಂಡಸರು? ಇದು ಕಲ್ಲಿದ್ದಂಗೆ ಐತೆ," ಎಂದು ಹೊರಗಿನಿಂದಲೇ ಆಕೆ ಕೂಗಿದಳು.

ರೇಡಿಯೋ ಹೊರಗಿರುವಾಗಲೇ ಓಬಳಪ್ಪನವರು ಪೊಟ್ಟಣ ತೆಗೆದು ಬಲ ತಟ್ಟೆಗೆ ಕಾಳು ಬಿಡತೊಡಗಿದರು. ಒಂದು. ಎರಡು. ಐದನೆಯದಕ್ಕೆ ಮುಳ್ಳು ನಡುಗೆರೆಗೆ ಬಂದು ನಿಂತಿತು. ನನ್ನ ಪಟ್ಟಿಯಲ್ಲಿ ಆ ತಕ್ಕಡಿಯ ಎದುರಿಗಿದ್ದ ತಪ್ಪು ಹದಿಮೂರೂವರೆ ಮಿಲಿಗ್ರಾಂ. ಐದು ಕಾಳು.

"ಹಂಗಾರೆ ಕೈ?" ಎಂದು ಕೇಳಿದರು.

"ಕೈ ಸರಿಯಾಗೇ ಇದೆ. ಈ ಡಬ್ಬಿ ಬಲಗಡೆಯನ್ನು ಐದು ಕಾಳಿನಷ್ಟು ಎಳೆಯುತ್ತಿತ್ತು. ಕಣ್ಣಿಗೆ ಕಾಣದ ಆ ಐದನ್ನೂ ನಿಮ್ಮ ಕೈ ಬಿಡದೆ ಹಿಡಿದು, ಎಡಗಡೆ ಅಷ್ಟೇ ಬೆಸುಗೆ ಹಾಕಿ ಸಮ ಮಾಡಿದೆ. ಕೈ ಒರಟಾಗಿದ್ದರೆ ಏಳರಲ್ಲಿ ಒಂದಾದರೂ ಬಲಕ್ಕೆ ತಪ್ಪಬೇಕಿತ್ತು."

ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು. ಕರಿಬಸಮ್ಮ ರೇಡಿಯೋ ಹೊತ್ತುಕೊಂಡೇ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಚೀಲದಿಂದ ಪರವಾನಗಿಯ ಚೌಕಟ್ಟು ತೆಗೆದು ಇ‍ಬ್ಬರ ನಡುವೆ ನೆಲದ ಮೇಲೆ ಇಟ್ಟೆ. ಇನ್ನು ಮುಂದಿನದು ನನ್ನ ಮಾತಲ್ಲ.

ಬಡ್ಡಿ ಇನ್ನೂರ ಎಪ್ಪತ್ತೈದು ತಿಂಗಳಾ ಬರುತ್ತಲೇ ಇತ್ತು. ಆಕೆಯ ಉಗುರು ಬೆಳ್ಳಗೇ ಇತ್ತು. ಅವರ ಕೆಮ್ಮೂ ಹೋಗಿರಲಿಲ್ಲ. ಬದಲಾದದ್ದು ಒಂದೇ. ಬಿಡುವುದಾದರೆ ಈಗ ಅವರು ತಾವಾಗಿಯೇ ಬಿಡಬೇಕಿತ್ತು.

"ಸೀಸ ಬಿಡ್ತೀನಿ," ಎಂದರು ಓಬಳಪ್ಪನವರು, ಹೆಂಡತಿಯ ಕಡೆ ನೋಡದೆ. "ದೊಡ್ಡ ಬಟ್ಟು ಇನ್ನು ಮುಟ್ಟಲ್ಲ. ಬೇರೆಯೋರು ಅದಾರೆ, ಅವರೂ ಬದುಕ್ಲಿ. ಒಲೆ ಕಿತ್ತು ಹಾಕು, ಇವತ್ತೇ."

ಆಕೆ ಕಾಯುತ್ತಾ ನಿಂತಳು.

"ಇದು ಮಾತ್ರ ಬಿಡಾಕೆ ಆಗಲ್ಲ ಕಣೇ. ದುಡ್ಡಿಗಲ್ಲ. ಮುಳ್ಳು ನಿಲ್ಲೋದನ್ನ ದಿನಕ್ಕೊಂದು ಸಲ ನೋಡಬೇಕು ನಂಗೆ."

ಕರಿಬಸಮ್ಮ ಗಂಡನನ್ನು ನೋಡಿದಳು, ನೆಲದ ಮೇಲಿದ್ದ ಚೌಕಟ್ಟನ್ನು ನೋಡಿದಳು.

"ಹಂಗಾರೆ ಇದನ್ನ ಎಲ್ಲಿ ಇಡ್ಲಿ ಹೇಳ್ರಿ. ರಟ್ಟೆ ಸೋತ್ವು."

"ಅಡಿಗೆ ಮನೇಲಿಡು. ಜೋರಾಗಿ ಹಾಕು, ಇಲ್ಲಿಗೂ ಕೇಳ್ಲಿ."

ಆ ವಾರವೇ ಓಬಳಪ್ಪನವರು ಏಳು ತಕ್ಕಡಿಗಳನ್ನೂ ತಾವೇ ಹೋಗಿ ತಂದು, ಮತ್ತೆ ಸರಿಮಾಡಿ, ಮನೆಮನೆಗೆ ಒಯ್ದು ಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ನಾಗರಾಜಪ್ಪ ತಕ್ಕಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕಬ್ಬಿಣ ಎಳೆಯೋ ರೇಡಿಯೋ ಏನಕ್ಕೆ? ಚಿನ್ನ ಎಳೆಯೋದು ಸಿಕ್ರೆ ಹೇಳೋ," ಎಂದ. ಆಮೇಲೆ ಒಳಗೆ ಕರೆದು ಕೂರಿಸಿ ಚಹಾ ತರಿಸಿದ. ಅವನಿಂದ ತಪ್ಪೊಪ್ಪಿಗೆ ಎಂದರೆ ಅಷ್ಟೇ.

ಮುಂದೆ ನನಗೆ ವರ್ಗವಾಗಿ, ಬೇರೆ ಊರುಗಳನ್ನು ಸುತ್ತಿ, 1986ರಲ್ಲಿ ಜಗಳೂರಿಗೆ ಕ್ಯಾಂಪು ಹೋದೆ. ಪೇಟೆಯಲ್ಲಿ ದೊಡ್ಡಣ್ಣ ಎಂಬ ಅಕ್ಕಸಾಲಿಗನ ಅಂಗಡಿ. ಅವನ ತಕ್ಕಡಿ ಉಕ್ಕಿನ ದಂಡಿಯದು. ಪೆಟ್ಟಿಗೆ ತೆರೆದಾಗ ಮೂಲೆಯಲ್ಲಿ ಒಂದು ಕಾಗದದ ಪೊಟ್ಟಣ ಕಂಡಿತು.

"ಯಾರು ರಿಪೇರಿ ಮಾಡಿದ್ದು?"

"ಚನ್ನಗಿರಿ ಓಬಳಪ್ಪನೋರು ಸಾರ್. ಅಕ್ಕನ ಹೊಲದ ರಾಗಿ ಒಯ್ಯಾಕೆ ಬರ್ತಾರೆ ವರ್ಷಕ್ಕೊಂದ್ಸಲ. ಬಂದಾಗ ತಕ್ಕಡಿ ಕೈಗೆ ಕೊಟ್ರೆ ಒಯ್ದು ಮಾಡಿ ಕಳಿಸ್ತಾರೆ. ವಿಚಿತ್ರದ ಮನುಷ್ಯ ಸಾರ್. ಅಂಗಡಿ ಮೆಟ್ಟಲು ಹತ್ತಾಕೆ ಮೊದಲೇ ಕೇಳೋದು ಒಂದೇ ಮಾತು. 'ರೇಡಿಯೋ ಎಲ್ಲಿಟ್ಟೀಯಪ್ಪಾ?'"

"ಕೆಮ್ಮು ಹೇಗಿದೆ ಅವರಿಗೆ?"

"ಕೆಮ್ಮಾ? ನಾನು ಕೇಳಿಲ್ಲ ಸಾರ್."

ಪೊಟ್ಟಣ ಬಿಚ್ಚಿ ಎಣಿಸಿದೆ. ಇಪ್ಪತ್ತು. ತಕ್ಕಡಿ ತೂಗುಹಾಕಿ, ಬಲ ತಟ್ಟೆಗೆ ಒಂದು ಕಾಳು ಬಿಟ್ಟೆ. ಮುಳ್ಳು ಗೆರೆ ಬಿಟ್ಟು ಸರಿಯಿತು. ಕಾಳು ತೆಗೆದೆ. ಅದು ಹಿಂದಕ್ಕೆ ತೂಗಿತು, ಮುಂದಕ್ಕೆ ತೂಗಿತು. ದೊಡ್ಡಣ್ಣ ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಸುಮ್ಮನಾದ. ಉಂಗುರಕ್ಕೆಂದು ಬಂದಿದ್ದ ಇಬ್ಬರು ಹೆಂಗಸರೂ ಮಾತು ನಿಲ್ಲಿಸಿದರು. ಹೊರಗೆ ಬಸ್ಸೊಂದು ಹೋಯಿತು. ನಾವು ನಾಲ್ವರೂ ಉಸಿರು ಹಿಡಿದು, ಮುಳ್ಳು ನಿಲ್ಲುವ ತನಕ ನೋಡುತ್ತಾ ನಿಂತೆವು.